ನೋವಿಲ್ಲದ ಶಸ್ತ್ರಚಿಕಿತ್ಸೆಗೆ ಅಳತೆ ಕಲಿಸಿದ ಜಾನ್ ಸ್ನೋ

ವಿಜ್ಞಾನ ಪಾಠದಲ್ಲಿ ವಿಜ್ಞಾನಿಯ ಜೀವನವನ್ನು ಹೇಳುವಾಗ ನಾವು ಸಾಮಾನ್ಯವಾಗಿ ಏನನ್ನಾದರೂ ಕಂಡುಹಿಡಿದವರನ್ನೇ ಆರಿಸಿಕೊಳ್ಳುತ್ತೇವೆ. ಹುಟ್ಟಿದ ಊರು, ಕಂಡುಹಿಡಿದ ವಸ್ತು, ಇಸವಿ, ಇಷ್ಟಕ್ಕೆ ಪಾಠ ಮುಗಿಯುತ್ತದೆ. ನಾನು ಈ ಲೇಖನಕ್ಕೆ ಆರಿಸಿಕೊಂಡ ಡಾ. ಜಾನ್ ಸ್ನೋ ಈಥರನ್ನು ಕಂಡುಹಿಡಿಯಲಿಲ್ಲ, ಕ್ಲೋರೋಫಾರ್ಮನ್ನೂ ಕಂಡುಹಿಡಿಯಲಿಲ್ಲ. ಬೇರೆಯವರು ಕಂಡುಹಿಡಿದದ್ದನ್ನು ಅಳೆದರು. ಎಷ್ಟು ಕೊಟ್ಟರೆ ನೋವು ಹೋಗುತ್ತದೆ, ಎಷ್ಟು ಕೊಟ್ಟರೆ ಜೀವ ಹೋಗುತ್ತದೆ ಎಂಬ ಎರಡರ ನಡುವಿನ ಅಂತರವನ್ನು ತಾಳ್ಮೆಯಿಂದ ಗುರುತಿಸಿದರು. ಇಂದು ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆಯಿಂದ ಹಿಡಿದು ದೊಡ್ಡ ನಗರಗಳ ಆಸ್ಪತ್ರೆಯವರೆಗೆ ಆಪರೇಷನ್ ಕೋಣೆಯಲ್ಲಿ ಅರಿವಳಿಕೆ ತಜ್ಞರು ಮಾಡುವ ಕೆಲಸದ ಮೂಲ ಪಾಠ ಅವರ ಬದುಕಿನಲ್ಲಿದೆ.

ಬಾಲ್ಯ ಮತ್ತು ಕಲಿಕೆ

ಜಾನ್ ಸ್ನೋ 1813 ರ ಮಾರ್ಚ್ 15 ರಂದು ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಹುಟ್ಟಿದರು. ತಂದೆ ಕೂಲಿ ಕೆಲಸ ಮಾಡುತ್ತಿದ್ದವರು. ಒಂಬತ್ತು ಮಕ್ಕಳಲ್ಲಿ ಜಾನ್ ಹಿರಿಯ ಮಗ. ನದಿ ದಂಡೆಯ ಬಡವರ ಓಣಿಯಲ್ಲಿ ಮನೆ. ಹೊಳೆ ಬಂದರೆ ಅಲ್ಲಿಗೆ ನೀರು ನುಗ್ಗುತ್ತಿತ್ತು. ತುಂಗಭದ್ರೆಯ ದಂಡೆಯ ಊರುಗಳಿಂದ ಬರುವ ನಮ್ಮ ಮಕ್ಕಳಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಆ ಕಾಲದಲ್ಲಿ ಬಡವರ ಮಗ ವೈದ್ಯನಾಗಬೇಕಾದರೆ ಇದ್ದ ದಾರಿ ಒಂದೇ: ಒಬ್ಬ ವೈದ್ಯರ ಬಳಿ ಕೆಲಸ ಮಾಡುತ್ತಾ ಕಲಿಯುವುದು. ಹದಿನಾಲ್ಕನೆಯ ವಯಸ್ಸಿನಲ್ಲಿ, 1827 ರಲ್ಲಿ, ಜಾನ್‌ನನ್ನು ನ್ಯೂಕ್ಯಾಸಲ್ ನಗರದ ವಿಲಿಯಂ ಹಾರ್ಡ್‌ಕ್ಯಾಸಲ್ ಎಂಬ ಶಸ್ತ್ರವೈದ್ಯರ ಬಳಿ ಕಲಿಕೆಗೆ ಸೇರಿಸಿದರು. ಅದೇ ವರ್ಷ ನಮ್ಮ ಕಡೆ, ಬಳ್ಳಾರಿ ಸೀಮೆಯವರು ಇಂದಿಗೂ ನೆನೆಯುವ ಥಾಮಸ್ ಮನ್ರೋ ಪತ್ತಿಕೊಂಡದಲ್ಲಿ ಕಾಲರಾ ಬಂದು ತೀರಿಕೊಂಡಿದ್ದರು. ನಾಲ್ಕು ವರ್ಷಗಳ ನಂತರ ಅದೇ ರೋಗ ಇಂಗ್ಲೆಂಡ್ ತಲುಪಿತು. ಕಿಲ್ಲಿಂಗ್‌ವರ್ತ್ ಎಂಬಲ್ಲಿನ ಕಲ್ಲಿದ್ದಲು ಗಣಿಯ ಕಾರ್ಮಿಕರನ್ನು ನೋಡಿಕೊಳ್ಳಲು ಹಾರ್ಡ್‌ಕ್ಯಾಸಲ್ ಅವರು ಕಳಿಸಿದ್ದು ಹದಿನೆಂಟು ವರ್ಷದ ಈ ಹುಡುಗನನ್ನು. ಗಣಿಯೊಳಗೆ ಕೈ ತೊಳೆಯಲು ನೀರಿಲ್ಲ, ಶೌಚಕ್ಕೆ ಬೇರೆ ಜಾಗವಿಲ್ಲ, ಅಲ್ಲೇ ಕುಳಿತು ಬುತ್ತಿ ಉಣ್ಣಬೇಕು. ಈ ದೃಶ್ಯ ಅವರ ಮನಸ್ಸಿನಲ್ಲಿ ಉಳಿಯಿತು.

ಅದೇ ವಯಸ್ಸಿನಲ್ಲಿ ಅವರು ಮಾಂಸಾಹಾರ ಬಿಟ್ಟರು, ಮದ್ಯದಿಂದ ದೂರ ಉಳಿದರು, ಕುಡಿಯುವ ನೀರಿನ ಶುದ್ಧತೆಯ ಬಗ್ಗೆ ಬಹಳ ಎಚ್ಚರ ವಹಿಸುತ್ತಿದ್ದರು. ಮದುವೆಯಾಗಲಿಲ್ಲ. 1836 ರಲ್ಲಿ ಹೆಚ್ಚಿನ ಕಲಿಕೆಗಾಗಿ ಲಂಡನ್‌ಗೆ ಹೊರಟಾಗ ಬಹಳಷ್ಟು ದಾರಿಯನ್ನು ನಡೆದೇ ಕ್ರಮಿಸಿದರು. 1838 ರಲ್ಲಿ ಶಸ್ತ್ರವೈದ್ಯರ ಪರೀಕ್ಷೆ, 1844 ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಎಂ.ಡಿ. ಪದವಿ. ಸೋಹೋ ಎಂಬ ಬಡಾವಣೆಯಲ್ಲಿ ದವಾಖಾನೆ ತೆರೆದರು. ಮಾತು ಕಡಿಮೆ, ಪರಿಚಯ ಕಡಿಮೆ, ರೋಗಿಗಳೂ ಕಡಿಮೆ.

ಬಿಡುವಿನ ವೇಳೆಯಲ್ಲಿ ಅವರು ಉಸಿರಾಟದ ಬಗ್ಗೆ ಪ್ರಯೋಗಗಳನ್ನು ಮಾಡುತ್ತಿದ್ದರು. ಹುಟ್ಟಿದ ಕೂಡಲೇ ಉಸಿರಾಡದ ಶಿಶುಗಳನ್ನು ಉಳಿಸುವುದು ಹೇಗೆ ಎಂಬುದರ ಮೇಲೆ 1841 ರಲ್ಲೇ ವೈದ್ಯರ ಸಂಘದಲ್ಲಿ ಪ್ರಬಂಧ ಓದಿದ್ದರು. ಹೀಗೆ ಐದು ವರ್ಷಗಳ ನಂತರ ಬರಲಿದ್ದ ಕೆಲಸಕ್ಕೆ ಅವರು ಮೊದಲೇ ಸಿದ್ಧರಾಗಿದ್ದರು.

ಈಥರ್ ಬಂದ ವರ್ಷ

1846 ಕ್ಕಿಂತ ಮೊದಲು ಶಸ್ತ್ರಚಿಕಿತ್ಸೆ ಎಂದರೆ ನಾಲ್ಕು ಜನ ರೋಗಿಯನ್ನು ಹಿಡಿದುಕೊಳ್ಳುವುದು. ಒಳ್ಳೆಯ ಶಸ್ತ್ರವೈದ್ಯ ಎಂದರೆ ಬೇಗ ಕೊಯ್ಯುವವನು. ಹೊಟ್ಟೆ, ಎದೆಗಳ ಒಳಗಿನ ರೋಗಗಳಿಗೆ ಕೈಹಾಕುವ ಮಾತೇ ಇರಲಿಲ್ಲ.

1846 ರ ಅಕ್ಟೋಬರ್ 16 ರಂದು ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯರು ಒಬ್ಬ ರೋಗಿಗೆ ಈಥರ್ ಆವಿಯನ್ನು ಉಸಿರಾಡಿಸಿದರು. ಶಸ್ತ್ರವೈದ್ಯರು ಆತನ ಕುತ್ತಿಗೆಯ ಗಡ್ಡೆಯನ್ನು ತೆಗೆದರು. ಸುದ್ದಿ ಹಡಗಿನಲ್ಲಿ ಹೊರಟು ಡಿಸೆಂಬರ್ ಹೊತ್ತಿಗೆ ಲಂಡನ್ ತಲುಪಿತು. ಡಿಸೆಂಬರ್ 21 ರಂದು ರಾಬರ್ಟ್ ಲಿಸ್ಟನ್ ಅವರು ಈಥರ್ ಕೊಡಿಸಿ ಒಬ್ಬ ರೋಗಿಯ ಕಾಲನ್ನು ತೆಗೆದರು. ಮರುವರ್ಷ, 1847 ರಲ್ಲಿ, ಕಲ್ಕತ್ತಾದಲ್ಲೂ ಈಥರ್ ಬಳಕೆಗೆ ಬಂತು.

ಆದರೆ ಒಂದು ತೊಂದರೆ ಕಾಣಿಸಿತು. ಒಬ್ಬ ರೋಗಿಗೆ ಈಥರ್ ಚೆನ್ನಾಗಿ ಹಿಡಿಯುತ್ತಿತ್ತು, ಇನ್ನೊಬ್ಬರು ಅರ್ಧಕ್ಕೇ ಕೂಗಿ ಎದ್ದು ಕೂರುತ್ತಿದ್ದರು. ಹಲವರು ಇದು ನಂಬುವಂಥದ್ದಲ್ಲ ಎಂದು ಕೈಬಿಟ್ಟರು. ಸ್ನೋ ಅವರು ತೊಂದರೆ ಈಥರ್‌ನಲ್ಲಿಲ್ಲ, ಕೊಡುವ ಕ್ರಮದಲ್ಲಿದೆ ಎಂದು ತಿಳಿದರು. ಇದು ವೈದ್ಯಶಾಸ್ತ್ರದ ಪ್ರಶ್ನೆಯಾಗುವ ಮೊದಲು ಭೌತಶಾಸ್ತ್ರದ ಪ್ರಶ್ನೆ. ದ್ರವ ಆವಿಯಾಗುವುದು ತಾಪಕ್ಕೆ ತಕ್ಕಂತೆ. ಹತ್ತು ಡಿಗ್ರಿ ಸೆಲ್ಸಿಯಸ್‌ನಲ್ಲಿ ಈಥರ್‌ನಿಂದ ಪರ್ಯಾಪ್ತವಾದ ಗಾಳಿಯಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಈಥರ್ ಆವಿ ಇರುತ್ತದೆ. ಇಪ್ಪತ್ತು ಡಿಗ್ರಿಯಲ್ಲಿ ಅದು ಅರ್ಧವನ್ನು ಮೀರುತ್ತದೆ. ಚಳಿಯ ಕೋಣೆಯಲ್ಲಿ ಕೊಟ್ಟ ಈಥರ್ ಬೇರೆ, ಬೆಚ್ಚನೆಯ ಕೋಣೆಯಲ್ಲಿ ಕೊಟ್ಟ ಈಥರ್ ಬೇರೆ. ಅದೂ ಅಲ್ಲದೆ ಆವಿಯಾಗುವಾಗ ದ್ರವ ತಾನೇ ತಣ್ಣಗಾಗುತ್ತದೆ. ಹಾಗಾಗಿ ಮೊದಲ ನಿಮಿಷದಲ್ಲಿ ಬಂದಷ್ಟು ಆವಿ ಐದನೆಯ ನಿಮಿಷದಲ್ಲಿ ಬರುವುದಿಲ್ಲ.

ಸ್ನೋ ಅವರು ತಾಪಕ್ಕೆ ತಕ್ಕಂತೆ ಗಾಳಿಯಲ್ಲಿ ಎಷ್ಟು ಈಥರ್ ಇರುತ್ತದೆ ಎಂಬ ಕೋಷ್ಟಕ ತಯಾರಿಸಿದರು. ನಂತರ ಒಂದು ಉಪಕರಣ ಮಾಡಿದರು: ಒಳಗೆ ಸುರುಳಿಯಾಕಾರದ ದಾರಿಯಿರುವ ಲೋಹದ ಡಬ್ಬಿ, ಅದನ್ನು ಇಡಲು ನಿಗದಿತ ತಾಪದ ನೀರಿರುವ ಪಾತ್ರೆ, ಅಗಲವಾದ ಕೊಳವೆ, ಮೂಗು ಬಾಯಿ ಎರಡನ್ನೂ ಮುಚ್ಚುವ ಮುಖವಾಡ. ಮುಖವಾಡದ ಕವಾಟವನ್ನು ಸರಿಸಿದರೆ ಬೇಕಾದಷ್ಟು ಶುದ್ಧ ಗಾಳಿಯನ್ನು ಬೆರೆಸಬಹುದು. ನೀರಿನ ಪಾತ್ರೆ ಈಥರ್ ತಣ್ಣಗಾಗದಂತೆ ತಡೆಯುತ್ತಿತ್ತು. ಲಂಡನ್‌ಗೆ ಈಥರ್ ಬಂದ ಕೆಲವೇ ವಾರಗಳಲ್ಲಿ ಇದೆಲ್ಲ ಮುಗಿಯಿತು.

ಐದು ಹಂತಗಳು

1847 ರಲ್ಲಿ ಈಥರ್ ಉಸಿರಾಟದ ಬಗ್ಗೆ ಅವರು ಬರೆದ ಪುಸ್ತಕ ಪ್ರಕಟವಾಯಿತು. ಅದರಲ್ಲಿ ಅರಿವಳಿಕೆಯನ್ನು ಐದು ಹಂತಗಳಾಗಿ ವಿಂಗಡಿಸಿದ್ದರು. ಮೊದಲ ಹಂತದಲ್ಲಿ ರೋಗಿಗೆ ತಾನೆಲ್ಲಿದ್ದೇನೆ ಎಂಬ ಅರಿವು ಇರುತ್ತದೆ. ಎರಡನೆಯದರಲ್ಲಿ ಮನಸ್ಸು ಕಲಸಿಹೋಗುತ್ತದೆ, ಮಾತು ತಡವರಿಸುತ್ತದೆ. ಮೂರನೆಯದರಲ್ಲಿ ಇಚ್ಛೆಯಿಂದ ಮಾಡುವ ಚಲನೆ ನಿಲ್ಲುತ್ತದೆ, ಆದರೂ ಕೈಕಾಲು ತಾನಾಗಿ ಮಿಡುಕಬಹುದು. ನಾಲ್ಕನೆಯದರಲ್ಲಿ ಉಸಿರಾಟ ಬಿಟ್ಟರೆ ಬೇರೆ ಯಾವ ಚಲನೆಯೂ ಇಲ್ಲ. ಐದನೆಯದರಲ್ಲಿ ಉಸಿರೇ ತೊಡಕಾಗುತ್ತದೆ. ಈ ಐದನೆಯ ಹಂತವನ್ನು ಅವರು ಪ್ರಾಣಿಗಳಲ್ಲಿ ಮಾತ್ರ ನೋಡಿ ತಿಳಿದಿದ್ದರು. ಯಾವ ರೋಗಿಯನ್ನೂ ಅಲ್ಲಿಗೆ ಒಯ್ಯಬಾರದು ಎಂಬುದೇ ಅದನ್ನು ಬರೆದ ಉದ್ದೇಶ.

ಇದರ ಮಹತ್ವ ನಮಗೆ ಈಗ ಸುಲಭವಾಗಿ ತಿಳಿಯುತ್ತದೆ. ಅಲ್ಲಿಯವರೆಗೆ ರೋಗಿ ಎಚ್ಚರ ಇದ್ದಾನೆ, ಇಲ್ಲವೇ ಇಲ್ಲ ಎಂಬ ಎರಡೇ ಸ್ಥಿತಿ. ಸ್ನೋ ಅದನ್ನು ಮೆಟ್ಟಿಲುಗಳಾಗಿ ಮಾಡಿ, ರೋಗಿ ಯಾವ ಮೆಟ್ಟಿಲಲ್ಲಿ ಇದ್ದಾನೆ ಎಂಬುದನ್ನು ಕಣ್ಣು, ಉಸಿರು, ಸ್ನಾಯುಗಳನ್ನು ನೋಡಿ ಹೇಳಬಹುದು ಎಂದು ತೋರಿಸಿದರು.

ಕ್ಲೋರೋಫಾರ್ಮ್ ಮತ್ತು ಒಂದು ಸಾವು

1847 ರ ನವೆಂಬರ್‌ನಲ್ಲಿ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಅವರು ಕ್ಲೋರೋಫಾರ್ಮನ್ನು ಬಳಕೆಗೆ ತಂದರು. ವಾಸನೆ ಹಿತ, ಸ್ವಲ್ಪ ಸಾಕು, ಉಪಕರಣ ಬೇಡ, ಕರವಸ್ತ್ರದ ಮೇಲೆ ಹಾಕಿ ಮೂಗಿಗೆ ಹಿಡಿದರೆ ಆಯಿತು. ಕೆಲವೇ ವಾರಗಳಲ್ಲಿ ಎಲ್ಲರೂ ಈಥರ್ ಬಿಟ್ಟು ಅದನ್ನೇ ಹಿಡಿದರು.

1848 ರ ಜನವರಿ 28 ರಂದು ನ್ಯೂಕ್ಯಾಸಲ್ ಹತ್ತಿರದ ಹಳ್ಳಿಯಲ್ಲಿ ಹ್ಯಾನಾ ಗ್ರೀನರ್ ಎಂಬ ಹದಿನೈದು ವರ್ಷದ ಹುಡುಗಿಗೆ ಕಾಲಿನ ಉಗುರು ತೆಗೆಯಲು ಕ್ಲೋರೋಫಾರ್ಮ್ ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಅವಳು ಸತ್ತಳು. ಆರೋಗ್ಯವಂತ ಹುಡುಗಿ, ಸಣ್ಣ ಶಸ್ತ್ರಕ್ರಿಯೆ. ನಮ್ಮ ಒಂಬತ್ತನೆಯ, ಹತ್ತನೆಯ ತರಗತಿಯ ಹೆಣ್ಣುಮಕ್ಕಳ ವಯಸ್ಸು.

ಸಾವಿನ ಕಾರಣದ ಬಗ್ಗೆ ವೈದ್ಯರು ವಾದಿಸಿದರು. ಸ್ನೋ ಅವರ ಉತ್ತರ ಮತ್ತೆ ಅಳತೆಯದೇ. ಕರವಸ್ತ್ರದ ಮೇಲೆ ಹಾಕಿದ ಕ್ಲೋರೋಫಾರ್ಮ್ ಒಂದು ಉಸಿರಿನಲ್ಲಿ ಎಷ್ಟು ಒಳಗೆ ಹೋಗುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಗಾಳಿಯಲ್ಲಿ ಆವಿಯ ಪ್ರಮಾಣ ಹೆಚ್ಚಾದರೆ ಹೃದಯ ಥಟ್ಟನೆ ನಿಲ್ಲಬಹುದು. ನೂರು ಪಾಲು ಗಾಳಿಯಲ್ಲಿ ಕ್ಲೋರೋಫಾರ್ಮ್ ನಾಲ್ಕು ಐದು ಪಾಲನ್ನು ಮೀರಬಾರದು ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕ ಉಪಕರಣವನ್ನೂ ಮಾಡಿದರು. ಹೊಸ ವಸ್ತುಗಳನ್ನು ಮೊದಲು ಪ್ರಾಣಿಗಳ ಮೇಲೆ, ತಮ್ಮ ಮೇಲೆ ಪರೀಕ್ಷಿಸಿ ನೋಡುತ್ತಿದ್ದರು. ತಾವು ಅರಿವಳಿಕೆ ಕೊಟ್ಟ ರೋಗಿಗಳ ವಿವರವನ್ನು ದಿನಚರಿಯಲ್ಲಿ ಬರೆದಿಡುತ್ತಿದ್ದರು. ಕ್ಲೋರೋಫಾರ್ಮನ್ನು ಅವರು ಕೊಟ್ಟದ್ದು ನಾಲ್ಕು ಸಾವಿರಕ್ಕೂ ಹೆಚ್ಚು ಬಾರಿ.

ರಾಣಿಯ ಹೆರಿಗೆ

1853 ರ ಏಪ್ರಿಲ್ 7 ರಂದು ವಿಕ್ಟೋರಿಯಾ ರಾಣಿಯ ಎಂಟನೆಯ ಮಗು ಲಿಯೋಪೋಲ್ಡ್ ಹುಟ್ಟಿದಾಗ ಕ್ಲೋರೋಫಾರ್ಮ್ ಕೊಡಲು ಅರಮನೆಗೆ ಕರೆಸಿದ್ದು ಸ್ನೋ ಅವರನ್ನು. ಹೆರಿಗೆ ನೋವು ದೇವರು ಕೊಟ್ಟದ್ದು, ಅದನ್ನು ತಡೆಯಬಾರದು ಎಂದು ಹಲವರು ವಾದಿಸುತ್ತಿದ್ದ ಕಾಲ ಅದು. ಸ್ನೋ ಅವರು ಪ್ರತಿ ನೋವು ಬಂದಾಗ ಮಡಿಸಿದ ಕರವಸ್ತ್ರದ ಮೇಲೆ ಸ್ವಲ್ಪವೇ ಹಾಕಿ ಐವತ್ತಮೂರು ನಿಮಿಷ ಕೊಟ್ಟರು. ರಾಣಿಗೆ ನೋವು ತಗ್ಗಿತು, ಎಚ್ಚರ ತಪ್ಪಲಿಲ್ಲ. ಸ್ನೋ ಅವರ ಹಂತಗಳ ಲೆಕ್ಕದಲ್ಲಿ ಇದು ಮೊದಲ ಮೆಟ್ಟಿಲು ಮಾತ್ರ. 1857 ರಲ್ಲಿ ಬಿಯಾಟ್ರಿಸ್ ಹುಟ್ಟಿದಾಗಲೂ ಅವರನ್ನೇ ಕರೆಸಿದರು. ಅದರ ನಂತರ ಸಾಮಾನ್ಯ ಹೆಂಗಸರೂ ಧೈರ್ಯದಿಂದ ಕೇಳತೊಡಗಿದರು. ಅರಮನೆಯ ವಿಷಯ ಕೇಳಲು ಬಂದವರಿಗೆ ಸ್ನೋ ಏನನ್ನೂ ಹೇಳಿಕೊಳ್ಳಲಿಲ್ಲ.

ಬಾವಿಯ ಹಿಡಿಕೆ

ಸ್ನೋ ಹೆಸರನ್ನು ಹೆಚ್ಚಿನವರು ಬಲ್ಲದ್ದು ಕಾಲರಾದಿಂದ. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಆವಿಗಳು ಹೇಗೆ ಹರಡುತ್ತವೆ, ಹೇಗೆ ತೆಳುವಾಗುತ್ತವೆ ಎಂದು ದಿನವೂ ಅಳೆಯುತ್ತಿದ್ದ ಸ್ನೋ ಅವರಿಗೆ ಅದು ಸರಿಕಾಣಲಿಲ್ಲ. ಗಾಳಿಯಿಂದ ಬಂದಿದ್ದರೆ ಮೊದಲು ಶ್ವಾಸಕೋಶ ಕೆಡಬೇಕಿತ್ತು. ಈ ರೋಗ ಶುರುವಾಗುವುದೇ ಹೊಟ್ಟೆಯಲ್ಲಿ. ಹಾಗಾದರೆ ಅದು ನುಂಗಿದ್ದರಿಂದ ಬಂದಿರಬೇಕು. 1849 ರಲ್ಲೇ ಅವರು ಇದನ್ನು ಬರೆದು ಪ್ರಕಟಿಸಿದ್ದರು.

1854 ರಲ್ಲಿ ಸೋಹೋದ ಬ್ರಾಡ್ ಸ್ಟ್ರೀಟ್ ಸುತ್ತ ಆರುನೂರಕ್ಕೂ ಹೆಚ್ಚು ಜನ ಸತ್ತಾಗ ಅವರು ಮನೆಮನೆಗೆ ಹೋಗಿ ಯಾರು ಯಾವ ನೀರು ಕುಡಿದರು ಎಂದು ವಿಚಾರಿಸಿದರು. ಎಲ್ಲವೂ ಒಂದೇ ಕೈಪಂಪಿನ ಕಡೆ ಬೆರಳು ತೋರಿಸಿತು. ಸೆಪ್ಟೆಂಬರ್ 8 ರಂದು ಅದರ ಹಿಡಿಕೆಯನ್ನು ತೆಗೆಸಲಾಯಿತು. ಜನ ಓಣಿ ಬಿಟ್ಟು ಹೋಗಿದ್ದರಿಂದ ಆ ಹೊತ್ತಿಗೇ ಸಾವು ಇಳಿಮುಖವಾಗಿತ್ತು ಎಂಬುದನ್ನು ಸ್ನೋ ಅವರೂ ಮುಚ್ಚಿಡಲಿಲ್ಲ. ತಮ್ಮ ಪರವಾದ ಕಥೆಯಲ್ಲೂ ಲೆಕ್ಕ ತಪ್ಪದಂತೆ ನೋಡಿಕೊಳ್ಳುವ ಗುಣ ಅದು.

1858 ರ ಜೂನ್ 10 ರಂದು, ಕ್ಲೋರೋಫಾರ್ಮ್ ಕುರಿತ ದೊಡ್ಡ ಪುಸ್ತಕವನ್ನು ಬರೆಯುತ್ತಿದ್ದಾಗಲೇ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಜೂನ್ 16 ರಂದು ತೀರಿಕೊಂಡರು. ವಯಸ್ಸು ನಲವತ್ತೈದು. ಗೆಳೆಯ ಬೆಂಜಮಿನ್ ವಾರ್ಡ್ ರಿಚರ್ಡ್‌ಸನ್ ಆ ಪುಸ್ತಕವನ್ನು ಅದೇ ವರ್ಷ ಹೊರತಂದರು.

ತುಂಗಭದ್ರೆಯ ಆಚೆ ದಡದಲ್ಲಿ

ಸ್ನೋ ಬಿಟ್ಟುಹೋದ ಪ್ರಶ್ನೆಯೊಂದು ಮೂವತ್ತು ವರ್ಷಗಳ ನಂತರ ನಮ್ಮ ಸಮೀಪಕ್ಕೇ ಬಂತು. ಆಗ ಸಿರುಗುಪ್ಪ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹೊಳೆಯ ಆಚೆ ದಡದ ರಾಯಚೂರು ಸೀಮೆ ಹೈದರಾಬಾದ್ ನಿಜಾಮರದು. ಈಥರ್ ಕುದಿಯುವುದು ಸುಮಾರು 35 ಡಿಗ್ರಿಯಲ್ಲಿ, ಕ್ಲೋರೋಫಾರ್ಮ್ ಸುಮಾರು 61 ಡಿಗ್ರಿಯಲ್ಲಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ ಈಥರ್ ಶೀಶೆಯ ಬಿರಡೆ ತೆಗೆದರೆ ಏನಾಗುತ್ತದೆ ಎಂದು ಮಕ್ಕಳೇ ಹೇಳಬಲ್ಲರು. ಅದಕ್ಕೇ ಇಲ್ಲಿ ಕ್ಲೋರೋಫಾರ್ಮ್ ನೆಲೆನಿಂತಿತು.

ಹೈದರಾಬಾದ್ ವೈದ್ಯಶಾಲೆಯ ಎಡ್ವರ್ಡ್ ಲಾರಿ ಅವರು ಕ್ಲೋರೋಫಾರ್ಮ್ ಕೊಡುವಾಗ ಉಸಿರನ್ನು ಮಾತ್ರ ಗಮನಿಸಿದರೆ ಸಾಕು, ನಾಡಿ ನೋಡಬೇಕಿಲ್ಲ ಎಂದು ಕಲಿಸುತ್ತಿದ್ದರು. ಇದನ್ನು ಪರೀಕ್ಷಿಸಲು 1888 ಮತ್ತು 1889 ರಲ್ಲಿ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗಗಳು ನಡೆದವು. ಎರಡನೆಯದಕ್ಕೆ ಲಂಡನ್‌ನಿಂದ ತಜ್ಞರನ್ನು ಕರೆಸಲು ನಿಜಾಮರು ಸಾವಿರ ಪೌಂಡ್ ಕೊಟ್ಟರು. ಆಯೋಗ ಲಾರಿ ಅವರ ಮಾತನ್ನೇ ಎತ್ತಿಹಿಡಿಯಿತು. ಆದರೆ 1911 ರಲ್ಲಿ ಲೆವಿ ಎಂಬ ವೈದ್ಯರು ಕ್ಲೋರೋಫಾರ್ಮ್‌ನಿಂದ ಹೃದಯದ ಬಡಿತ ಏಕಾಏಕಿ ಕಂಪನವಾಗಿ ಕೆಟ್ಟು ನಿಲ್ಲಬಹುದು ಎಂದು ಪ್ರಯೋಗದಿಂದ ತೋರಿಸಿದರು. ಹೃದಯದ ಬಗ್ಗೆ ಸ್ನೋ ಪಟ್ಟ ಆತಂಕ ಸುಳ್ಳಾಗಿರಲಿಲ್ಲ. ಇಂದು ಉಸಿರು, ನಾಡಿ ಎರಡನ್ನೂ ಬಿಡದೆ ನೋಡುತ್ತಾರೆ. ಅದೇ ಹೈದರಾಬಾದಿನಲ್ಲಿ ಕಲಿತು ಕ್ಲೋರೋಫಾರ್ಮ್ ಕೊಡುತ್ತಿದ್ದ ರೂಪಾಬಾಯಿ ಫರ್ದುನ್‌ಜಿ ಅವರು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಒಬ್ಬರು ಎಂಬುದನ್ನೂ ನಮ್ಮ ಹೆಣ್ಣುಮಕ್ಕಳಿಗೆ ಹೇಳಬೇಕು.

ತರಗತಿಯಲ್ಲಿ ಬಂದ ಪ್ರಶ್ನೆ

ಬೋಧನಾಭ್ಯಾಸದಲ್ಲಿ ಪರಾವರ್ತಿತ ಪ್ರತಿಕ್ರಿಯೆಯ ಪಾಠ ಮಾಡುವಾಗ ಸ್ನೋ ಅವರ ಐದು ಹಂತಗಳನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ನನ್ನ ಬಳಿ ಬಂದಳು. ಅವರ ಅವ್ವನಿಗೆ ಡಾಕ್ಟರು ಆಪರೇಷನ್ ಹೇಳಿದ್ದಾರೆ. ಬೆನ್ನಿಗೆ ಸೂಜಿ ಹಾಕಿದರೆ ಜೀವಮಾನ ಪೂರ್ತಿ ಸೊಂಟ ಹಿಡಿಯುತ್ತದೆ, ಮತ್ತು ಕೊಟ್ಟರೆ ಎಚ್ಚರವೇ ಆಗುವುದಿಲ್ಲ ಎಂದು ಓಣಿಯವರು ಹೇಳಿದ್ದರಿಂದ ಮನೆಯಲ್ಲಿ ಬೇಡ ಎನ್ನುತ್ತಿದ್ದಾರೆ. ನಾನು ವೈದ್ಯರಲ್ಲ, ಅವರ ಅವ್ವನಿಗೆ ಯಾವುದು ಸರಿ ಎಂದು ಹೇಳುವುದು ನನ್ನ ಕೆಲಸವಲ್ಲ. ಆದರೆ ಅರಿವಳಿಕೆಯ ವಿಧಗಳನ್ನು ವಿವರಿಸುವುದು ವಿಜ್ಞಾನ ಶಿಕ್ಷಕರ ಕೆಲಸವೇ. ಮರುದಿನ ಇಡೀ ತರಗತಿಗೆ ಅದನ್ನೇ ಪಾಠ ಮಾಡಿದೆ.

ಸ್ನೋ ಕಾಲದಲ್ಲಿ ಇದ್ದದ್ದು ಉಸಿರಿನ ಮೂಲಕ ಕೊಡುವ ಒಂದೇ ಬಗೆ. 1884 ರಲ್ಲಿ ಕಾರ್ಲ್ ಕೊಲ್ಲರ್ ಅವರು ಔಷಧ ಹಾಕಿ ಕಣ್ಣನ್ನು ಮಾತ್ರ ಮರಗಟ್ಟಿಸಬಹುದು ಎಂದು ತೋರಿಸಿದರು. 1898 ರಲ್ಲಿ ಆಗಸ್ಟ್ ಬಿಯರ್ ಅವರು ಬೆನ್ನಿನ ಮೂಲಕ ಸೊಂಟದ ಕೆಳಭಾಗವನ್ನು ಮರಗಟ್ಟಿಸಿದರು. ಹೀಗೆ ಈಗ ಮುಖ್ಯವಾಗಿ ಮೂರು ವಿಧಗಳಿವೆ. ಹಲ್ಲು ಕೀಳಲು, ಸಣ್ಣ ಹೊಲಿಗೆ ಹಾಕಲು ಆ ಜಾಗಕ್ಕೆ ಮಾತ್ರ ಸೂಜಿ ಕೊಡುವುದು ಸ್ಥಳೀಯ ಅರಿವಳಿಕೆ. ಸಿಸೇರಿಯನ್ ಹೆರಿಗೆ, ಹರ್ನಿಯಾ, ಕಾಲಿನ ಶಸ್ತ್ರಚಿಕಿತ್ಸೆಗಳಲ್ಲಿ ನರಗಳ ದಾರಿಯನ್ನೇ ತಡೆದು ದೇಹದ ಒಂದು ಭಾಗವನ್ನು ಮರಗಟ್ಟಿಸುವುದು ಪ್ರಾದೇಶಿಕ ಅರಿವಳಿಕೆ; ಬೆನ್ನಿನ ಸೂಜಿ ಈ ಗುಂಪಿನದು. ಪೂರ್ತಿ ಎಚ್ಚರ ತಪ್ಪಿಸುವುದು ಸಾರ್ವತ್ರಿಕ ಅರಿವಳಿಕೆ. ಇದರಲ್ಲಿ ಹಲವು ಬಾರಿ ಗಂಟಲಿನಲ್ಲಿ ನಳಿಕೆ ಇಟ್ಟು ಯಂತ್ರದಿಂದ ಉಸಿರಾಡಿಸುತ್ತಾರೆ. ಎದ್ದ ಮೇಲೆ ಗಂಟಲು ಕೆರೆಯುವುದು ಅದರಿಂದ. ಇವಲ್ಲದೆ ಮಂಪರು ಬರಿಸಿ ಮಾಡುವ ಸಣ್ಣ ಚಿಕಿತ್ಸೆಗಳೂ ಇವೆ.

ಬೆನ್ನಿನ ಸೂಜಿಯ ಭಯಕ್ಕೆ ಉತ್ತರ ಜೀವಶಾಸ್ತ್ರದಲ್ಲೇ ಇದೆ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಕಶೇರು ಮಣಿಯ ಹತ್ತಿರ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ದ್ರವ ತುಂಬಿದ ಜಾಗದಲ್ಲಿ. ಕಾಲು ಕೆಲವು ಗಂಟೆ ಭಾರವಾಗಿದ್ದು ಮತ್ತೆ ಸರಿಯಾಗುತ್ತದೆ. ಕೆಲವರಿಗೆ ಕೆಲದಿನ ತಲೆನೋವು ಬರಬಹುದು. ಬಂದರೆ ವೈದ್ಯರಿಗೆ ಹೇಳಬೇಕು. ಹೆರಿಗೆಯ ನಂತರದ ಸೊಂಟನೋವು ಸೂಜಿ ಹಾಕಿಸಿಕೊಳ್ಳದವರಲ್ಲೂ ಸಾಮಾನ್ಯವಾಗಿ ಕಾಣುತ್ತದೆ.

ಖಾಲಿ ಹೊಟ್ಟೆಯ ನಿಯಮವನ್ನು ನಮ್ಮ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಿಶ್ಶಕ್ತಿ ಆದೀತೆಂದು ಬಚ್ಚಿಟ್ಟು ಇಡ್ಲಿ ತಿನ್ನಿಸುವವರಿದ್ದಾರೆ. ಅರಿವು ತಪ್ಪಿದಾಗ ಕೆಮ್ಮುವ, ಗಂಟಲು ಮುಚ್ಚಿಕೊಳ್ಳುವ ಪರಾವರ್ತಿತ ಪ್ರತಿಕ್ರಿಯೆಗಳೂ ಮಲಗಿಬಿಡುತ್ತವೆ. ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ಸಾಮಾನ್ಯವಾಗಿ ಗಟ್ಟಿ ಆಹಾರಕ್ಕೆ ಕನಿಷ್ಠ ಆರು ಗಂಟೆ, ಬರಿ ನೀರಿಗೆ ಎರಡು ಗಂಟೆ ಅಂತರ ಬೇಕು. ಎಣ್ಣೆಯ ಊಟವಾದರೆ ಇನ್ನೂ ಹೆಚ್ಚು. ಆಸ್ಪತ್ರೆಯವರು ಹೇಳಿದ ಸಮಯವೇ ಅಂತಿಮ.

ರೋಗಿ ಮುಚ್ಚಿಡದೆ ಹೇಳಬೇಕಾದದ್ದೂ ಇದೆ: ಬಿಪಿ, ಸಕ್ಕರೆ ಕಾಯಿಲೆ, ಉಬ್ಬಸ, ತೆಗೆದುಕೊಳ್ಳುವ ಮಾತ್ರೆ, ಒಗ್ಗದ ಔಷಧ, ಅಲುಗಾಡುವ ಹಲ್ಲು, ಬೀಡಿ, ತಂಬಾಕು, ಕುಡಿತ, ಹಿಂದಿನ ಆಪರೇಷನ್‌ನಲ್ಲಿ ಆದ ತೊಂದರೆ. ಸ್ನೋ ಅವರು ಆವಿಯನ್ನು ಅಳೆದಂತೆ ಈಗಿನ ತಜ್ಞರು ಔಷಧವನ್ನು ರೋಗಿಯ ತೂಕ, ವಯಸ್ಸು, ಕಾಯಿಲೆಗೆ ತಕ್ಕಂತೆ ಅಳೆಯುತ್ತಾರೆ. ರೋಗಿ ತಪ್ಪು ಮಾಹಿತಿ ಕೊಟ್ಟರೆ ಅಳತೆಯೇ ತಪ್ಪುತ್ತದೆ. ಅಪಾಯವೇ ಇಲ್ಲ ಎಂದು ನಾನು ಮಕ್ಕಳಿಗೆ ಹೇಳಲಿಲ್ಲ. ಕೊರೊನಾ ದಿನಗಳಲ್ಲಿ ಬೆರಳಿಗೆ ಹಾಕಿಕೊಂಡಿದ್ದ ಪಲ್ಸ್ ಆಕ್ಸಿಮೀಟರ್ ಅಲ್ಲಿ ಆಪರೇಷನ್ ಮುಗಿಯುವವರೆಗೂ ಬೆರಳಲ್ಲಿರುತ್ತದೆ, ಒಬ್ಬ ತಜ್ಞರು ಅದಕ್ಕಾಗಿಯೇ ಪಕ್ಕದಲ್ಲಿರುತ್ತಾರೆ ಎಂದೆ. ಆ ವಿದ್ಯಾರ್ಥಿನಿ ವೈದ್ಯರನ್ನು ಕೇಳಬೇಕಾದ ಏಳು ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅವ್ವನ ಜೊತೆ ಆಸ್ಪತ್ರೆಗೆ ಹೋಗಿ ಬಂದಳು. ಭಯದಿಂದ ಬೇಡ ಎನ್ನುವುದಕ್ಕೂ, ಕೇಳಿ ತಿಳಿದು ನಿರ್ಧರಿಸುವುದಕ್ಕೂ ಇರುವ ವ್ಯತ್ಯಾಸ ಆ ಹಾಳೆಯಲ್ಲಿತ್ತು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಜೀವನವನ್ನು ಆವಿಯಾಗುವಿಕೆಯ ಪಾಠಕ್ಕೂ ಜೋಡಿಸಬಹುದು. ಎರಡು ತಟ್ಟೆಗಳಲ್ಲಿ ಸಮ ಪ್ರಮಾಣದ ಸ್ಯಾನಿಟೈಸರ್ ಹಾಕಿ, ಒಂದನ್ನು ಬಿಸಿಲಿನಲ್ಲಿ, ಇನ್ನೊಂದನ್ನು ನೆರಳಿನಲ್ಲಿ, ಬೆಂಕಿಯಿಂದ ದೂರ ಇರಿಸಿ ಸಮಯ ಬರೆದುಕೊಳ್ಳಲಿ. ಅಂಗೈ ಮೇಲಿನ ಹನಿ ಏಕೆ ತಣ್ಣಗೆ ಅನಿಸುತ್ತದೆ ಎಂದು ಕೇಳಿ, ಅಲ್ಲಿಂದ ಸ್ನೋ ಅವರ ನೀರಿನ ಪಾತ್ರೆಗೆ ಬರಬಹುದು. ಕಾಲರಾ ಭಾಗಕ್ಕೆ ಮಕ್ಕಳು ತಮ್ಮ ಓಣಿಯ ನಕ್ಷೆ ಬರೆದು ಯಾವ ಮನೆಗೆ ಯಾವ ನಲ್ಲಿಯ ನೀರು ಎಂದು ಗುರುತಿಸಲಿ. ಉಪಕರಣಕ್ಕೆ ಖರ್ಚಿಲ್ಲ, ಒಂದು ಅವಧಿ ಸಾಕು. ಮೌಲ್ಯಮಾಪನದಲ್ಲಿ ಇಸವಿಗಳನ್ನು ಕೇಳುವ ಬದಲು ಒಂದೇ ಪ್ರಶ್ನೆ ಕೇಳಿದರೆ ಸಾಕೆಂದು ನನ್ನ ಅಭಿಪ್ರಾಯ: ಕರವಸ್ತ್ರದಿಂದ ಕೊಡುವುದಕ್ಕೂ ಉಪಕರಣದಿಂದ ಕೊಡುವುದಕ್ಕೂ ವ್ಯತ್ಯಾಸವೇನು? ಇದಕ್ಕೆ ತನ್ನ ಮಾತಿನಲ್ಲಿ ಉತ್ತರ ಬರೆಯುವ ಮಗುವಿಗೆ ಸ್ನೋ ಅವರ ಬದುಕು ಅರ್ಥವಾಗಿದೆ ಎಂದೇ ತಿಳಿಯಬಹುದು.